ಐದನೆಯ ಕೀಲು

ಸೊಂಟಕ್ಕೆ ಹಾಕುವ ಟೈಟಾನಿಯಂ ಕೀಲಿನ ಮೇಲೆ ಸೆರಾಮಿಕ್ ಕೋಟಿಂಗ್ ಬಿಗಿಯಾಗಿ ಕೂತಿದೆಯೇ ಎಂದು ತಿಳಿಯಲು ಕಾರ್ಖಾನೆಯ ಪರೀಕ್ಷಕಿ ಮಾಲಿನಿಗಿದ್ದದ್ದು ಒಂದೇ ದಾರಿ. ಕೀಲನ್ನು ಯಂತ್ರಕ್ಕೆ ಕಚ್ಚಿಸಿ, ಕೋಟಿಂಗ್ ಕಿತ್ತು ಬರುವವರೆಗೂ ಎಳೆದು, ಎಷ್ಟು ಬಲಕ್ಕೆ ಕಿತ್ತಿತು ಎಂದು ಅಳೆಯಬೇಕು. ಎಷ್ಟೇ ಗಟ್ಟಿಯಾಗಿದ್ದರೂ ಪರೀಕ್ಷೆ ಮುಗಿದ ಮೇಲೆ ಆ ಕೀಲು ಗುಜರಿಗೇ. ಹಾಗಾಗಿ ಐದರಲ್ಲಿ ಒಂದನ್ನು ಎಳೆದು ನೋಡಿ, ಉಳಿದ ನಾಲ್ಕನ್ನು ನಂಬಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಒಂಬತ್ತು ವರ್ಷ ಅವಳೂ ನಂಬಿದ್ದಳು.

ಈ ಸಲದ ಐದರಲ್ಲಿ ಒಂದು ಅವಳ ಅಪ್ಪನಿಗೆ. ಮರುದಿನವೇ ಆಪರೇಷನ್.

ಮೊದಲನೆಯದು ಪಾಸಾಯಿತು. ಅವಳಿಗೆ ಕೂರಲಾಗಲಿಲ್ಲ. ಎರಡನೆಯದನ್ನು ಕಚ್ಚಿಸಿದಳು. ಅದೂ ಪಾಸು. ಊಟದ ಹೊತ್ತಿಗೆ ಮೂರನೆಯದೂ ನಾಲ್ಕನೆಯದೂ ಮುಗಿದಿದ್ದವು.

ವಿಷಯ ತಿಳಿದು ಮೇಲ್ವಿಚಾರಕರು ಓಡಿ ಬಂದರು. "ತಲೆ ಕೆಟ್ಟಿದೆಯೇನಮ್ಮ ಮಾಲಿನಿ? ನಾಲ್ಕೂ ಪಾಸಾಗಿವೆಯಲ್ಲ, ಇನ್ನೇನು ಬೇಕು ನಿಂಗೆ?"

"ಅಪ್ಪನಿಗೆ ಹಾಕೋದು ಆ ನಾಲ್ಕಲ್ಲವಲ್ಲ ಸಾರ್."

"ಐದೂ ಒಂದೇ ಫರ್ನೇಸಲ್ಲಿ ಬೆಂದಿರೋವು. ಒಂದು ಹೇಗೋ ಇನ್ನೊಂದೂ ಹಾಗೇ."

"ನಾನೂ ನನ್ನ ತಮ್ಮನೂ ಒಂದೇ ಹೊಟ್ಟೇಲಿ ಹುಟ್ಟಿದೋರು ಸಾರ್."

ಅವರು ಗಡಿಯಾರ ನೋಡಿಕೊಂಡರು. "ಸುಮ್ನೆ ಅದನ್ನ ಪ್ಯಾಕ್ ಮಾಡಮ್ಮ. ಆಸ್ಪತ್ರೆಯವರು ಬಂದು ಕಾಯ್ತಿದಾರೆ" ಎಂದು ಗೊಣಗುತ್ತ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು. ಅವಳ ಎದುರಿನ ಯಂತ್ರ ಆಗಷ್ಟೇ ನಿಂತಿತ್ತು.

"ನಂದು ಗಟ್ಟಿಯಾಗಿದೆ ಅಲ್ವೇನಮ್ಮ?"

"ಐದರಲ್ಲಿ ನಿಂದೇ ಎಲ್ಲಕ್ಕಿಂತ ಗಟ್ಟಿಯಾಗಿತ್ತಪ್ಪ."