ಮೂರನೆಯ ಚೀಟಿ

“ಇದ್ಯಾರದೋ ಮೂರನೇದು?”

ಚುಸೋಕ್ ಸುಗ್ಗಿಹಬ್ಬದ ಬೆಳಗ್ಗೆ, ತನ್ನ ಮನೆಯಲ್ಲಿ ಹಿರಿಯರಿಗಿಟ್ಟ ಎಡೆಯ ಮುಂದೆ ನಿಂತು ತೇಷಿಕ್ ತಮ್ಮನನ್ನು ಕೇಳಿದ. ಪ್ರತಿ ವರ್ಷವೂ ಅಲ್ಲಿ ಎರಡೇ ಚೀಟಿ. ಒಂದರಲ್ಲಿ ಅಜ್ಜ ಅಜ್ಜಿಯ ಹೆಸರು, ಇನ್ನೊಂದರಲ್ಲಿ ಅಪ್ಪ ಅಮ್ಮನದು. ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ಮಾತ್ರ ತಮ್ಮ ತೇಗಿಲ್‌ನದು. ಉಳಿದ ಯಜಮಾನಿಕೆಯೆಲ್ಲ ಅಣ್ಣನದೇ. ಈ ಸಲ ತೇಗಿಲ್ ಇನ್ನೊಂದು ಚೀಟಿ ಬರೆದು ಹಣ್ಣಿನ ತಟ್ಟೆಗೆ ಒರಗಿಸಿಟ್ಟಿದ್ದ. ಅದರ ಮೇಲೆ ‘ಬೋರಮ್’ ಎಂದಿತ್ತು.

ಅಡುಗೆಮನೆಯ ಬಾಗಿಲಲ್ಲಿದ್ದ ಅವನ ಹೆಂಡತಿ ಮಿರಾನ್ ಕೈಯಿಂದ ಸೌಟು ಜಾರುವುದೊಂದು ಬಾಕಿ. ಗಂಡ ಹೀಗೆ ಮಾಡುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಮಗಳು ಬೋರಮ್ ಹೋಗಿ ಹನ್ನೊಂದು ತಿಂಗಳು. ತನ್ನನ್ನು ‘ಬೋರಮ್ ಅಮ್ಮಾ’ ಎಂದೇ ಕರೆಯುತ್ತಿದ್ದ ಓರಗಿತ್ತಿ, ಅಕ್ಕಪಕ್ಕದವರು, ಕೊನೆಗೆ ಸಂತೆಯ ಮೀನಿನವಳು ಕೂಡ ಈಗ ‘ಇಲ್ಲಿ ನೋಡಿ’ ಎನ್ನುತ್ತಿದ್ದರು. ಹದಿನೇಳು ವರ್ಷ ತನ್ನದಾಗಿದ್ದ ಹೆಸರನ್ನು ಹೇಳದೆ ಕೇಳದೆ ಕಿತ್ತುಕೊಂಡಿದ್ದರು. ತೇಗಿಲ್ ಅಂತೂ ಮಗಳ ಹೆಸರೆತ್ತಿದ್ದೇ ಇಲ್ಲ. ‘ಹೃದಯ ನಿಂತುಹೋಯಿತು’ ಎಂದು ನೆಂಟರಿಗೆಲ್ಲ ಹೇಳಿದವನು ಅವನೇ; ಹಾಗೆ ಹೇಳು ಎಂದು ಕಿವಿಯಲ್ಲಿ ಊದಿದವನು ಈ ಅಣ್ಣ. ಆ ಸುಳ್ಳಿಗಾಗಿ ಅವಳು ಗಂಡನೊಂದಿಗೆ ಮುಖ ಕೊಟ್ಟು ಮಾತಾಡಿ ಎಷ್ಟೋ ದಿನವಾಗಿತ್ತು.

“ತೆಗಿ ಅದನ್ನ,” ಎಂದ ತೇಷಿಕ್. “ಹೆತ್ತೋರಿಗಿಂತ ಮುಂಚೆ ಹೋದ ಮಕ್ಕಳಿಗೆ ಎಡೆ ಇಡೋ ಪದ್ಧತಿ ನಮ್ಮಲ್ಲಿಲ್ಲ. ಮಗಳಿಗೆ ಅಡ್ಡಬೀಳ್ತೀಯೇನೋ? ಅದೂ ಆ ಥರ ಹೋದೋಳಿಗೆ...”

“ಯಾವ ಥರ, ಭಾವ?” ಮಿರಾನ್ ಒಳಗೆ ಬಂದಳು. “ಬಾಯ್ಬಿಟ್ಟು ಹೇಳಿ.”

ತೇಷಿಕ್ ಕೆಮ್ಮಿದ.

“ಅವನ್ಯಾಕೆ ಹೇಳ್ಬೇಕು, ನಾನೇ ಹೇಳ್ತೀನಿ,” ಎಂದ ತೇಗಿಲ್. “ಆತ್ಮಹತ್ಯೆ. ನನ್ನ ಮಗಳ ಹೃದಯ ಚೆನ್ನಾಗೇ ಇತ್ತು. ಸುಳ್ಳು ಹೇಳಿದ್ದು ನಾನು. ಅವತ್ತಿಂದ ಗಂಟಲಲ್ಲಿ ಅನ್ನ ಇಳೀತಿಲ್ಲಣ್ಣ. ಇನ್ನು ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ.”

ಮಿರಾನ್ ಹೋಗಿ ತನ್ನ ಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಡಬ್ಬಿ ತಂದಳು. ಇವತ್ತು ಒಬ್ಬಳೇ ಜಗಳಕ್ಕೆ ನಿಲ್ಲಬೇಕೆಂದುಕೊಂಡೇ ಅವಳು ಬಂದಿದ್ದು. ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಹೊಡೆಯಿತು. ಕೆಂಪು ಮೆಣಸಿನ ಗೊಜ್ಜಿನಲ್ಲಿ ಬೆಂದ ಅಕ್ಕಿ ಕಡುಬು.

“ಅಯ್ಯಯ್ಯೋ, ಎಡೆಗೆ ಕೆಂಪು ಖಾರವೇನಮ್ಮಾ!” ತೇಷಿಕ್ ಹೌಹಾರಿದ. “ಸತ್ತೋರು ಹತ್ರ ಸುಳಿಯಲ್ಲ, ಓಡಿಹೋಗ್ತಾರೆ. ಅಷ್ಟೂ ಗೊತ್ತಿಲ್ವಾ?”

“ನಿಮ್ಮಜ್ಜ ಓಡ್ಬಹುದು ಭಾವ, ನನ್ನ ಮಗಳು ಓಡಲ್ಲ. ಖಾರ ಸಾಲ್ದು ಅಂತ ದಿನಾ ನನ್ನ ಹತ್ರ ಕಿತ್ತಾಡ್ತಿದ್ಲು.” ಅವಳು ಡಬ್ಬಿಯನ್ನು ಮೂರನೆಯ ಚೀಟಿಯ ಮುಂದಿಟ್ಟಳು. “ಅಡ್ಡಬೀಳಲ್ಲ ನಾವು. ಅವಳ ಪಕ್ಕ ಕೂತು ತಿಂತೀವಿ.”

ತೇಷಿಕ್ ಆ ಕಡೆ ನೋಡದೆ ತನ್ನ ಎರಡು ಚೀಟಿಗಳಿಗೆ ಅಡ್ಡಬಿದ್ದು ಎದ್ದ. ಗಂಡಹೆಂಡತಿ ನೆಲದ ಮೇಲೆ ಕೂತು ಒಂದೇ ಡಬ್ಬಿಯಿಂದ ತಿಂದರು. ಇಬ್ಬರ ಕಣ್ಣು ಮೂಗಲ್ಲೂ ನೀರು. ಖಾರಕ್ಕೆ ಎಂದು ಇಬ್ಬರೂ ನೆಪ ಹೇಳಲಿಲ್ಲ.

“ಇನ್ನೊಂದು ಹಾಕು, ಬೋರಮ್ ಅಮ್ಮಾ,” ಎಂದ ತೇಗಿಲ್. ಅವಳು ಎರಡು ಹಾಕಿದಳು.

ಪೂಜೆ ಮುಗಿದ ಮೇಲೆ ಚೀಟಿಗಳನ್ನು ಸುಡಬೇಕು. ಅಂಗಳದಲ್ಲಿ ತೇಷಿಕ್ ಎರಡಕ್ಕೆ ಬೆಂಕಿ ತಾಗಿಸಿ, ಮೂರನೆಯದಕ್ಕೆ ಕೈ ಚಾಚಿದ. “ಕೊಡು. ಬರೆದಿದ್ದಾಯ್ತು, ತಿಂದಿದ್ದಾಯ್ತು. ಸುಡದೆ ಇಟ್ಕೊಳ್ಳೋ ಹಾಗಿಲ್ಲ.”

ತೇಗಿಲ್ ಚೀಟಿಯನ್ನು ಮಡಿಸದೆ, ಹೆಸರು ಹೊರಗೆ ಕಾಣುವಂತೆ, ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ.

“ಅವಳನ್ನ ಒಂದ್ಸಲ ಸುಟ್ಟಿದ್ದೀನಲ್ಲಣ್ಣ,” ಎಂದ. “ಸಾಕು.”