ತಿರುವಿದ ತೋಳು

ಬೀಗರ ಪೇಟದೊಳಗಿಂದ ನಿಂಬೆಹಣ್ಣು ಉದುರಿದ್ದೇ ತಡ, ಅದುವರೆಗೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಪಡಸಾಲೆ ಗಪ್ಪಾಯಿತು. ಹಣ್ಣು ಜಮಖಾನದ ಮೇಲೆ ಉರುಳುತ್ತ ಹೋಗಿ ಗಂಡಿನ ಅಜ್ಜಿ ಇಂದ್ರಮ್ಮನವರ ಸೀರೆಯಂಚಿಗೆ ತಗುಲಿ ನಿಂತಿತು. ಮುದುಕಿ ಕೆಂಡ ಕಂಡವರಂತೆ ಕಾಲೆಳೆದುಕೊಂಡರು.

“ನನ್ನ ಮಗನ ತಲೇಲಿ ನಿಂಬೇಹಣ್ಣು! ಬಸವಲಿಂಗ, ಏಳಪ್ಪ. ಜಲ್ದಿ ಗಾಡಿ ಕಟ್ಸು. ಹೆಣ್ಣು ಕೊಡ್ತೀವಿ ಅಂತ ಕರೆದು ಮಾಟ ಮಾಡ್ಸೋ ಮನೇಲಿ ನಮಗೆ ಎಲೆಅಡಿಕೆ ಬೇಡ.”

ಮಧುಗಿರಿಯ ವರ್ತಕರಾದ ಮಹಾಲಿಂಗಯ್ಯನವರ ಮನೆಯಲ್ಲಿ ಅಂದು ಮಗಳ ವೀಳ್ಯಶಾಸ್ತ್ರ. ಶಿರಾದಿಂದ ಬೀಗರು ಬೇಗನೆ ಬಂದಿದ್ದರು; ತಾಂಬೂಲ ಬದಲಾಯಿಸುವ ಹೊತ್ತು ಇರುವುದು ಬೈಗಿಗೆ. ಅಲ್ಲಿಯವರೆಗೆ ಅವರಿಗೆ ಬೇಸರವಾಗದಿರಲೆಂದು ಕೊರಟಗೆರೆ ಕಡೆಯ ಚಿಕ್ಕರಂಗಯ್ಯನನ್ನು ಕರೆಸಿದ್ದರು. ಅವನ ಕಣ್ಕಟ್ಟಿನಲ್ಲಿ ಬೆರಗಿಗಿಂತ ನಗುವೇ ಒಂದು ಹಿಡಿ ಹೆಚ್ಚು. ಗೌಡರ ಮನೆಗಳಲ್ಲಿ ಯಜಮಾನರ ಪೇಟದಿಂದ ಕೋಳಿಮೊಟ್ಟೆ ತೆಗೆದು, “ಸ್ವಾಮಿ, ಕಾವು ಕುಂತಿದ್ದು ಸಾಕು, ಏಳಿ” ಎಂದರೆ ಊರಿಗೆ ಊರೇ ನಗುತ್ತಿತ್ತು. ಇದು ಲಿಂಗವಂತರ ಮನೆ, ಮೊಟ್ಟೆಯ ಸುದ್ದಿಯೇ ಕೂಡದು ಎಂದು ಹಿತ್ತಲ ಗಿಡದ ನಿಂಬೆಹಣ್ಣು ಕಿತ್ತು ತಂದಿದ್ದ. ಆಚಾರ ಕೆಡದಿರಲೆಂದು ಕಾಲು ಎತ್ತಿಟ್ಟವನು ಇನ್ನೂ ದೊಡ್ಡ ಹಳ್ಳಕ್ಕೇ ಬಿದ್ದಿದ್ದ. ಸ್ವಲ್ಪ ಮುಂಚೆ ಬರಿ ಗಾಳಿಯಿಂದ ಒಂದು ಕಣಗಿಲೆ ಹೂ ಹಿಡಿದು ಕೊಟ್ಟಾಗ ಇದೇ ಇಂದ್ರಮ್ಮನವರು ಎಳೆಮಗುವಿನಂತೆ ಕಣ್ಣರಳಿಸಿದ್ದರು.

ಸಿಟ್ಟಾದವರು ಅವನಿಗೆ ಹೊಸಬರಲ್ಲ. ಹೊಸಕೋಟೆಯ ಪಟೇಲರೊಬ್ಬರು ಜನ ತಮ್ಮ ಮೀಸೆ ನೋಡಿ ನಕ್ಕರೆಂದು ಕೆರ ಎತ್ತಿಕೊಂಡಾಗ, ಆ ಕೆರವನ್ನೇ ಕಿರೀಟ ಮಾಡಿಕೊಂಡು ಕುಣಿದು ಪಟೇಲರನ್ನೂ ನಗಿಸಿ ಬಂದವನು ಅವನು. ಮುನಿದವರ ಮುಂದೆ ತಾನೇ ನಗೆಪಾಟಲಾಗಬೇಕು, ಅದು ಅವನ ಮದ್ದು.

“ಅಮ್ಮಾರೇ, ನಂಗೆ ಮಾಟ ಬಂದಿದ್ರೆ ಮೊದ್ಲು ನಮ್ಮನೆಯೋಳ ಬಾಯಿ ಕಟ್ಟುಸ್ತಿದ್ದೆ ಕಣಮ್ಮ!” ಎಂದ. ಯಾರೂ ನಗಲಿಲ್ಲ. ಹಣ್ಣನ್ನೆತ್ತಿ ಸಿಪ್ಪೆ ಸಮೇತ ಕಚ್ಚಿ, ಮುಖ ಕೋತಿಯ ಹಾಗೆ ಕಿವುಚಿ, ರಸವನ್ನೆಲ್ಲ ನುಂಗಿದ. “ನೋಡ್ರಿ, ಇನ್ನೂ ಬದ್ಕೇ ಇವ್ನಿ.”

“ಹಾವಾಡಿಗನಿಗೆ ಹಾವಿನ ವಿಷ ಏರ್ತದೇನೋ?” ಎಂದರು ಇಂದ್ರಮ್ಮ. ಬಸವಲಿಂಗಯ್ಯ ಪೇಟ ಕೊಡವಿಕೊಂಡು ಎದ್ದು ನಿಂತರು.

ಮಹಾಲಿಂಗಯ್ಯನವರು ಅವನ ರಟ್ಟೆ ಹಿಡಿದರು. “ಲೇ ರಂಗ, ಏನಾದ್ರೂ ಮಾಡ್ಲಾ. ಇವರು ಇಂಗೇ ಹೊರಟ್ರೆ ನನ್ನ ಮಗಳ ಗತಿ?”

ಒಳಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯ ಬಳೆಗಳ ಸದ್ದು ಅಡಗಿತ್ತು. ಮಾಟದ ಮನೆಯ ಹೆಣ್ಣೆಂಬ ಮಾತು ಹೊಸಿಲು ದಾಟಿತೆಂದರೆ, ಆಮೇಲೆ ಯಾವ ದಿಕ್ಕಿನಿಂದಲೂ ಆ ಬಾಗಿಲಿಗೆ ಗಾಡಿ ಬರುವುದಿಲ್ಲ. ಚಿಕ್ಕರಂಗಯ್ಯನಿಗೆ ಅದು ಗೊತ್ತು. ಇನ್ನೊಂದೂ ಗೊತ್ತು: ಅವನಪ್ಪ ಈ ವಿದ್ಯೆ ಕೊಡುವಾಗ ಸಿದ್ದರಬೆಟ್ಟದ ಗವಿಯ ನೀರು ಮುಟ್ಟಿಸಿ ಭಾಷೆ ತೆಗೆದುಕೊಂಡಿದ್ದ. ಕಟ್ಟಿಕೊಂಡವಳಿಗೂ ಗುಟ್ಟು ಬಿಟ್ಟುಕೊಡಕೂಡದು. ಗುಟ್ಟು ಹೋದರೆ ಅನ್ನ ಹೋದಂತೆ.

ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಅಮಲ್ದಾರರೊಬ್ಬರು ತೊಟ್ಟುಬಿಟ್ಟಿದ್ದ ತನ್ನ ಅಗಲ ತೋಳಿನ ಕೋಟನ್ನು ಕಳಚಿ, ಬಲತೋಳನ್ನು ಒಳಗು ಹೊರಗು ತಿರುವಿ ಇಂದ್ರಮ್ಮನವರ ಮುಂದೆ ಹಾಸಿದ. ಒಳಗೆ ಕೆಂಪು ಬಟ್ಟೆಯ ಒಂದು ಚೀಲ; ಚೀಲದಲ್ಲಿ ಮತ್ತೊಂದು ನಿಂಬೆಹಣ್ಣು.

“ಇಲ್ಲೈತೆ ನೋಡ್ರಮ್ಮ ಮಾಟ. ಎಡಗೈನಾಗೆ ಬೀಗರ ಮೂಗು ತೋರ್ಸಿದ್ನಾ, ನೀವೆಲ್ಲ ಮೂಗು ನೋಡಿದ್ರಿ. ಅಷ್ಟೊತ್ಗೆ ಬಲಗೈ ಪೇಟದ ಹಿಂದೆ ಹೋಗ್ಬುಟ್ಟಿತ್ತು. ನಂಬಿಕೆ ಇಲ್ವಾ? ನೀವೇ ಮಾಡ್ರಿ.”

ಇಂದ್ರಮ್ಮನವರು ಹಣ್ಣನ್ನು ಮುಟ್ಟಲೋ ಬೇಡವೋ ಎಂಬಂತೆ ಎತ್ತಿಕೊಂಡು ಸೆರಗಿನಲ್ಲಿ ಮರೆಮಾಡಿದರು. ಎದ್ದು ಪಕ್ಕದಲ್ಲಿ ನಿಂತು ಎಡಗೈಯಿಂದ ಮಗನ ಮೂಗು ತೋರಿಸಿದರು. ಪೇಟದ ಹಿಂದಿನಿಂದ ನಿಂಬೆಹಣ್ಣು ಪುಸಕ್ಕನೆ ಉದುರಿತು.

“ಅವ್ವಾ, ನೀನೂ ಮಾಟಗಾತಿ ಆಗ್ಬುಟ್ಯಲ್ಲ!” ಎಂದು ಬಸವಲಿಂಗಯ್ಯನವರೇ ಮೊದಲು ನಕ್ಕರು. ಪಡಸಾಲೆ ಮತ್ತೆ ನಕ್ಕಿತು. ಒಳಗೆ ಬಳೆಗಳು ಮಾತಾಡಿದವು. ಹೊತ್ತಿಗೆ ಸರಿಯಾಗಿ ತಾಂಬೂಲ ಕೈ ಬದಲಾಯಿತು.

ಚಿಕ್ಕರಂಗಯ್ಯ ಜೋಳಿಗೆ ಕಟ್ಟುತ್ತಿದ್ದಾಗ ಇಂದ್ರಮ್ಮನವರು ಹತ್ತಿರ ಕರೆದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಇಷ್ಟೇನಪ್ಪ?”

“ಇಷ್ಟೇ ಕಣಮ್ಮ.”

“ಆ ಹೂವೂ ತೋಳೊಳಗಿಂದಲೇ ಬಂದದ್ದೋ?”

ಅವನು ತಲೆ ತಗ್ಗಿಸಿ ಜೋಳಿಗೆಯ ಬಾಯಿ ಬಿಗಿದ. ಮುದುಕಿ ಸೆರಗಿನ ತುದಿಯ ಗಂಟನ್ನು ನಿಧಾನವಾಗಿ ಬಿಚ್ಚಿದರು. ಬಾಡತೊಡಗಿದ್ದ ಕಣಗಿಲೆ. “ನಾಳೆ ಪೂಜೆಗಿಡೋಣ ಅಂತ ಕಟ್ಕೊಂಡಿದ್ದೆ” ಎಂದು ಅದನ್ನು ಅವನ ಅಂಗೈಗೆ ಹಾಕಿ, ಗಾಡಿಯ ಕಡೆ ನಡೆದರು.

ಕೊರಟಗೆರೆಯ ದಾರಿಯಲ್ಲಿ ಸಿದ್ದರಬೆಟ್ಟ ಕಾಣುವ ತಿರುವು ಬಂದಾಗ ಚಿಕ್ಕರಂಗಯ್ಯ ನಿಂತ. ಬೆಟ್ಟದ ತಲೆಯ ಮೇಲೆ ಒಂದು ತುಂಡು ಮೋಡ ಎಲ್ಲಿಂದಲೋ ಬಂದು ಕೂತಿತ್ತು. ಹೂವನ್ನು ಬಂಡೆಯ ಮೇಲಿಟ್ಟು ಬೆಟ್ಟದ ಗವಿಯ ಸ್ವಾಮಿಗೆ ಕೈಮುಗಿದ.

“ಸ್ವಾಮಿ, ನಿನ್ನ ಮೇಲೆ ಯಾರೆಷ್ಟು ಮುನಿಸ್ಕಂಡ್ರೂ ನೀನು ಮಾತ್ರ ತೋಳು ತಿರುವಿ ತೋರಿಸ್ಬ್ಯಾಡಪ್ಪ.”