ಕಪ್ಪು ಲೇಪದ ಒಳಗೆ

“ಕರಡಿಗಿಯೊಳಗಿಂದ ಹೊರಗ ತೆಗೀಬೇಕು ಆಯಿ. ಬೆಳ್ಳಿ ದಾಟಿ ಈ ಅಲೆ ಹೋಗಂಗಿಲ್ಲ.”

“ನೀ ಮುಟ್ಟಬ್ಯಾಡ. ನಾನೇ ಇಡ್ತೇನಿ.”

ಸುಮಿತ್ರಾಬಾಯಿ ಕೊರಳ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ತೆಗೆದು ಯಂತ್ರದ ಪೀಠದ ಮೇಲಿಟ್ಟಳು. ನಿನ್ನೆ ಬೆಳಗಿನ ಪೂಜೆಯಲ್ಲಿ ಲಿಂಗ ಅಂಗೈಯಿಂದ ಜಾರಿ ಪರಸಿಗಲ್ಲಿನ ನೆಲಕ್ಕೆ ಬಿದ್ದಿತ್ತು. ಹೊರಗಿನ ಕಪ್ಪು ಲೇಪಕ್ಕೆ ಒಂದು ಗೀರೂ ಇಲ್ಲ. ಆದರೆ ಒಳಗಿನ ಕಲ್ಲು ಒಡೆದಿದ್ದರೆ? ಒಡೆದ ಲಿಂಗಕ್ಕೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಮಠದ ಸ್ವಾಮಿಗಳು ಬೇರೆ ಲಿಂಗ ಕಟ್ಟುತ್ತೇನೆಂದರೂ ಅವಳು ಒಪ್ಪಲಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ ಒಂದೂವರೆ ದಿನದಿಂದ ಹನಿ ನೀರು ಮುಟ್ಟಿಲ್ಲ. ಹಸಿವೂ ಹಟವೂ ಜಿದ್ದಿಗೆ ಬಿದ್ದರೆ ಈ ಮನೆಯಲ್ಲಿ ಗೆಲ್ಲುವುದು ಹಟವೇ. ಕೊನೆಗೆ ಮೊಮ್ಮಗಳು ಐಶ್ವರ್ಯಾ ಅವಳನ್ನು ಆಳಂದದಿಂದ, ಕಡಗಂಚಿಯಲ್ಲಿ ತಾನು ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ಲ್ಯಾಬಿಗೇ ಕರೆತಂದಿದ್ದಳು.

“ಇದಕ್ಕೇನಾರ ಪೆಟ್ಟಾಗ್ತದೇನ್ ಬೇ?”

“ಇಲ್ಲ ಆಯಿ. ಬರೇ ನೋಡ್ತದ.”

ಲೇಸರ್ ಬೆಳಕು ಎಳ್ಳುಕಾಳಿನಷ್ಟು ಗ್ಯಾಲಿಯಂ ಆರ್ಸೆನೈಡ್ ಚಿಪ್‌ಗೆ ಬಡಿದೊಡನೆ ಟೆರಾಹರ್ಟ್ಸ್ ಅಲೆ ಹುಟ್ಟುತ್ತದೆ. ಅದು ಬಿಳಿ ಟೆಫ್ಲಾನ್ ಮಸೂರವನ್ನು ದಾಟಿ, ಲೇಪದೊಳಗೆ ಇಳಿದು, ಕಲ್ಲಿಗೆ ತಾಗಿ ಮರಳುತ್ತದೆ. ಕಣ್ಣಿಗೆ ಏನೂ ಕಾಣದು. ಪರದೆಯ ಮೇಲೆ ಮಾತ್ರ ಚಿತ್ರ ಸಾಲುಸಾಲಾಗಿ ಮೂಡತೊಡಗಿತು.

ಅರ್ಧ ಮೂಡುವಷ್ಟರಲ್ಲಿ ಐಶ್ವರ್ಯಾ ಪರದೆಯತ್ತ ಬಗ್ಗಿದಳು. ಕಲ್ಲಿನ ನಡುವೆ ಒಂದು ಬಿರುಕು! ಸುಳ್ಳು ಹೇಳಿಬಿಡಲೇ? ಮುದುಕಿ ಉಂಡರೆ ಸಾಕು. ತಡೆಯಲಾರದೆ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಬಿರುಕಿನ ತುಂಬ ಅದೇ ಕಪ್ಪು ಲೇಪ ಇಳಿದಿತ್ತು. ನಿನ್ನೆ ಬಿದ್ದಾಗ ಒಡೆದಿದ್ದರೆ ಅದು ಖಾಲಿ ಇರಬೇಕಿತ್ತು.

“ಆಯಿ, ನಿನ್ನ ಕೈಯಾಗ ಒಡದಿಲ್ಲ! ಲೇಪ ಹಚ್ಚೋದಕಿಂತ ಮೊದಲೇ ಒಡದದ!”

ಹೇಳಿದ್ದೇನೆಂದು ಅವಳಿಗೆ ಹೊಳೆದದ್ದು ಆಮೇಲೆ. ತನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು.

“ಅಂದ್ರ… ನನಗ ಕಟ್ಟಿದ ದಿನಾನೂ ಹಿಂಗೇ ಇತ್ತು?”

“ಹೂಂ.”

ಸುಮಿತ್ರಾಬಾಯಿ ಪರದೆಯ ಹತ್ತಿರ ಬಂದು ಆ ಬಿರುಕಿನ ಗೆರೆಯ ಮೇಲೆ ಬೆರಳಾಡಿಸಿದಳು. ಎಲ್ಲಿ ಕುಸಿಯುತ್ತಾಳೋ ಎಂದು ಐಶ್ವರ್ಯಾ ಅವಳ ತೋಳು ಹಿಡಿದಳು. ಮುದುಕಿ ಆ ಕೈ ಬಿಡಿಸಿಕೊಂಡು ಲಿಂಗವನ್ನು ಅಂಗೈಗೆ ಎತ್ತಿಕೊಂಡಳು.

“ಒಳಗ ಇಷ್ಟು ಬ್ಯಾನಿ ಇಟ್ಕೊಂಡು ಅರವತ್ತೆರಡು ವರ್ಷ ನನ್ನ ಎದಿ ಮ್ಯಾಲ ಸುಮ್ಮನ ಕುಂತದ. ಇವತ್ತ ಗೊತ್ತಾತಂತ ನಾ ಇದನ್ನ ಬಿಟ್ಟು ಬ್ಯಾರೆ ಕಟ್ಕೊಳ್ಳಲೇನು? ನೀರ ತಾ ಬೇ, ಪೂಜಿ ಮಾಡ್ತೇನಿ.”